ಸೆಕೆಂಡ್ ಹ್ಯಾಂಡ್ ಟರ್ಬೊ ಎಸ್‌ಯುವಿ ತಗೊಳ್ಳುವ ಮುಂಚೆ ಇದನ್ನು ಓದಿ

ತುಮಕೂರು ಸುತ್ತಮುತ್ತ ಹಳೇ ಡೀಸೆಲ್ ಎಸ್‌ಯುವಿ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸದರಲ್ಲಿ ಹದಿನೈದು ಲಕ್ಷ ಇದ್ದ ಏಳು ಸೀಟಿನ ಗಾಡಿ ಆರೂವರೆ ಲಕ್ಷಕ್ಕೆ ಸಿಗುತ್ತೆ ಅಂದರೆ ಯಾರಿಗಾದರೂ ಆಸೆ ಆಗುತ್ತೆ. ನಾವೂ ಹಾಗೇ ತಗೊಂಡೆವು. ತಗೊಂಡ ಮೇಲೆ ವರ್ಷ ತುಂಬುವುದರೊಳಗೆ ರಿಪೇರಿಗೆ 2 ಲಕ್ಷದ 20 ಸಾವಿರಕ್ಕೂ ಜಾಸ್ತಿ ಸುರಿದಿದ್ದೇವೆ. ಅದರಲ್ಲಿ ಸುಮಾರು 40 ಸಾವಿರ ಪೂರ್ತಿ ದಂಡ. ಗ್ಯಾರೇಜ್‌ನವರು ಟರ್ಬೊದ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗದ, ಒಳಗಿನದನ್ನು ಬದಲಾಯಿಸಿದರು, ಅದು ಯಾಕೆ ಹೋಯ್ತು ಅಂತ ನೋಡಲಿಲ್ಲ. ಹೊಸದೂ ಹೋಯ್ತು.

ಗಾಡಿ ಸಿಕ್ಕಿದ್ದು ರಿಂಗ್ ರೋಡ್ ಕಡೆಯ ಒಂದು ಹಳೇ ಕಾರು ಮಾರುವ ಯಾರ್ಡಿನಲ್ಲಿ. 2016ರ ಮಾಡೆಲ್, ಸಿಂಗಲ್ ಓನರ್, ಮೀಟರ್‌ನಲ್ಲಿ 78 ಸಾವಿರ ಕಿಲೋಮೀಟರ್. ಬಾನೆಟ್ ಎತ್ತಿದರೆ ಎಂಜಿನ್ ಪಳಪಳ ಹೊಳೆಯುತ್ತಿತ್ತು. ನಾವು ಹೋಗುವಷ್ಟರಲ್ಲಿ ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರು. "ರಿಂಗ್ ರೋಡಲ್ಲಿ ಒಂದು ರೌಂಡ್ ಹೊಡ್ಕೊಂಡು ಬನ್ನಿ ಸಾರ್" ಅಂದರು. ಸಮತಟ್ಟಾದ ರಸ್ತೆ, ನಾಲ್ಕೇ ಜನ, ಎಂಜಿನ್ ಶಬ್ದವೂ ಮೆತ್ತಗೆ. ಒಂದು ದೋಷವೂ ಕಾಣಲಿಲ್ಲ. ಈ ಒಂದೊಂದರ ಹಿಂದೆಯೂ ಒಂದು ಕಾರಣ ಇತ್ತು ಅಂತ ಗೊತ್ತಾಗಿದ್ದು ಆಮೇಲೆ.

ಶಿರಾ ಕಡೆ ಹೋಗುವಾಗ, ಕಳ್ಳಂಬೆಳ್ಳ ಹತ್ತಿರ, ಒಂದು ಲಾರಿ ಓವರ್‌ಟೇಕ್ ಮಾಡಲು ಕಾಲು ಒತ್ತಿದಾಗ ಮುಂದಿನಿಂದ ಆಂಬುಲೆನ್ಸ್ ಸೈರನ್ ತರಹ ಸಣ್ಣ ಕೂಗು ಶುರುವಾಯಿತು. ಕಾಲು ಒತ್ತಿದಷ್ಟೂ ಕೂಗು ಏರುತ್ತಿತ್ತು. ಹಿಂದೆ ನೀಲಿ ಹೊಗೆ. ಚೆಕ್ ಎಂಜಿನ್ ಲೈಟ್ ಬಂತು, ಪಿಕಪ್ ಪೂರ್ತಿ ಬಿದ್ದುಹೋಯಿತು. ಗಾಡಿಯಲ್ಲಿ ಅಮ್ಮ, ಮಕ್ಕಳು. ಹೈವೇ ಮಧ್ಯದ ಲೇನಿನಲ್ಲಿ, ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗ, ಗಾಡಿ ನಲವತ್ತರ ಮೇಲೆ ಏರುತ್ತಿಲ್ಲ. ದುಡ್ಡಿನ ಮಾತು ಬಿಡಿ, ಬೇರೆ ಯಾರ ಮನೆಯವರೂ ಆ ಜಾಗದಲ್ಲಿ ಹಾಗೆ ಸಿಕ್ಕಿಹಾಕಿಕೊಳ್ಳಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿರುವುದು.

ಟೋ ಮಾಡಿಸಿ ತುಮಕೂರಿಗೆ ತಂದೆವು, 4 ಸಾವಿರ. ಮೊದಲ ಗ್ಯಾರೇಜ್‌ನವರು ಟರ್ಬೊ ಹೋಗಿದೆ ಅಂತ ಸರಿಯಾಗಿಯೇ ಹೇಳಿದರು. ಒಳಗಿನ ಕೋರ್, ಅಂದರೆ ಶಾಫ್ಟ್, ಚಕ್ರ, ಬೇರಿಂಗ್ ಇರುವ ಭಾಗ ಮಾತ್ರ ಬದಲಾಯಿಸಿದರೆ ಸಾಕು ಅಂದರು. 38 ಸಾವಿರ ಆಯಿತು. ಗಾಡಿ ಚೆನ್ನಾಗಿ ಎಳೆಯಿತು. ಕೆಲವೇ ವಾರ. ಮತ್ತೆ ಅದೇ ಕೂಗು, ಅದೇ ನೀಲಿ ಹೊಗೆ.

ಎರಡನೇ ಸಲ ಅಂತರಸನಹಳ್ಳಿ ಕಡೆಯ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಟರ್ಬೊ ಮುಟ್ಟಲೇ ಇಲ್ಲ. ಮೊದಲು ಟರ್ಬೊಗೆ ಆಯಿಲ್ ತರುವ ಸಣ್ಣ ಪೈಪ್ ಬಿಚ್ಚಿದರು. ಅದರ ಬಾಯಿ ಬೆಳಕಿಗೆ ಹಿಡಿದು ನನ್ನ ಕೈಗೆ ಕೊಟ್ಟರು. ಒಳಗೆ ಕರಿ ಗಟ್ಟಿಯಾಗಿ ಕಟ್ಟಿಕೊಂಡು, ಸೂಜಿ ತೂರುವಷ್ಟು ಮಾತ್ರ ಬೆಳಕು ಕಾಣುತ್ತಿತ್ತು. ಆಮೇಲೆ ಕೆಳಗಿನ ಆಯಿಲ್ ಚೇಂಬರ್ ಇಳಿಸಿದರು. ತಳದಲ್ಲಿ ಸೀದುಹೋದ ಬೆಲ್ಲದ ಪಾಕದಂತೆ ಕೆಸರು ಕೂತಿತ್ತು. ಆಯಿಲ್ ಎಳೆದುಕೊಳ್ಳುವ ಜಾಲರಿ ಅರ್ಧ ಮುಚ್ಚಿಹೋಗಿತ್ತು. ಬಿಳಿ ಬಟ್ಟೆಯ ಮೇಲೆ ಆ ಆಯಿಲ್ ಒರೆಸಿ ಬಿಸಿಲಿಗೆ ಹಿಡಿದಾಗ ಸಣ್ಣಗೆ ಬೆಳ್ಳಿ ಪುಡಿ ಹೊಳೆಯಿತು. "ಇದು ಬೇರಿಂಗ್ ತಿಂದಿರೋದು ಅಣ್ಣ. ಆಯಿಲ್ ಹೋಗದೆ ಇದ್ರೆ ಎಷ್ಟು ಟರ್ಬೊ ಹಾಕಿದ್ರೂ ಇಷ್ಟೇ" ಅಂದರು.

ಅವರು ಬಿಡಿಸಿ ಹೇಳಿದ್ದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಎಂಜಿನ್‌ನಿಂದ ಹೊರಗೆ ಹೋಗುವ ಬಿಸಿ ಹೊಗೆ ಟರ್ಬೊ ಒಳಗಿನ ಒಂದು ಚಕ್ರವನ್ನು ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತೆ. ಈ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಜಾಸ್ತಿ ತಿರುಗುತ್ತೆ. ಬಹುಪಾಲು ಗಾಡಿಗಳಲ್ಲಿ ಅದಕ್ಕೆ ಬಾಲ್ ಬೇರಿಂಗ್ ಇರುವುದಿಲ್ಲ, ತೆಳುವಾದ ಆಯಿಲ್ ಪದರದ ಮೇಲೆ ತೇಲಿಕೊಂಡು ತಿರುಗುತ್ತೆ. ಆ ಪದರ ಕ್ಷಣ ತಪ್ಪಿದರೂ ಲೋಹಕ್ಕೆ ಲೋಹ ಉಜ್ಜುತ್ತೆ. ಶಾಫ್ಟ್ ಅಲ್ಲಾಡುತ್ತೆ, ಚಕ್ರದ ರೆಕ್ಕೆ ಗೋಡೆಗೆ ತಾಗುತ್ತೆ, ಆಗ ಆ ಸೈರನ್ ಶಬ್ದ. ಸೀಲ್ ಹೋಗಿ ಆಯಿಲ್ ಎಂಜಿನ್ ಒಳಗೆ ಸೇರಿ ಉರಿದರೆ ನೀಲಿ ಹೊಗೆ. ಅದು ಜಾಸ್ತಿಯಾದರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಓಡಿ ಪೂರ್ತಿ ಹಾಳಾಗಬಹುದು. ಹಾಗಾಗಿ ಆ ಕೂಗು ಕೇಳಿದ ಮೇಲೆ "ಊರು ಮುಟ್ಟಿಸಿಬಿಡೋಣ" ಅಂತ ದಯವಿಟ್ಟು ಓಡಿಸಬೇಡಿ.

ಇನ್ನು ಆ ಮೆತ್ತನೆಯ ಎಂಜಿನ್ ಶಬ್ದ. ಕಂಪನಿ ಹೇಳಿದ್ದು 5ಡಬ್ಲ್ಯು-30 ಅನ್ನುವ ತೆಳು ಗ್ರೇಡಿನ ಆಯಿಲ್. ಒಳಗಿದ್ದದ್ದು ಅದಕ್ಕಿಂತ ತುಂಬಾ ಗಟ್ಟಿ ಆಯಿಲ್ ಅಂತ ಮೆಕ್ಯಾನಿಕ್ ಕೈಯಲ್ಲಿ ಮುಟ್ಟಿಯೇ ಹೇಳಿದರು. ಸವೆದ ಎಂಜಿನ್‌ನ ಶಬ್ದ ಅಡಗಿಸಲು, ಹೊಗೆ ಕಡಿಮೆ ಕಾಣಿಸಲು ಮಾರುವ ಮುಂಚೆ ಹಾಗೆ ಹಾಕುತ್ತಾರಂತೆ. ಗಟ್ಟಿ ಆಯಿಲ್ ಬೆಳಗಿನ ತಣ್ಣನೆಯ ಸ್ಟಾರ್ಟ್‌ನಲ್ಲಿ ಟರ್ಬೊ ತಲುಪುವುದು ತಡ. ಮೊದಲೇ ಕಟ್ಟಿಕೊಂಡಿದ್ದ ಪೈಪ್, ಅದರ ಮೇಲೆ ಇದು.

ಖರ್ಚು ಹೇಳುತ್ತೇನೆ, ಅಂದಾಜು ಇರಲಿ. ಹೊಸ ಟರ್ಬೊ 72 ಸಾವಿರ. ಆಯಿಲ್ ಪೈಪ್‌ಗಳು, ಜಾಲರಿ, ಗ್ಯಾಸ್ಕೆಟ್ ಎಲ್ಲ ಸೇರಿ 14 ಸಾವಿರ. ಟರ್ಬೊ ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಒಳಗೆ ಹಳೇ ಟರ್ಬೊ ಕಕ್ಕಿದ ಆಯಿಲ್ ನಿಂತಿತ್ತು. ಅದನ್ನು ತೊಳೆದು, ಸೀಳಿದ್ದ ಒಂದು ಹೋಸ್ ಬದಲಾಯಿಸಿ, ಮಸಿ ಕಟ್ಟಿದ್ದ ಇ.ಜಿ.ಆರ್. ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ ಒಳಗೆ ಬಿಡುವ ವಾಲ್ವ್) ಕ್ಲೀನ್ ಮಾಡಲು 9 ಸಾವಿರ. ಆಯಿಲ್ ಮತ್ತು ಫಿಲ್ಟರ್ ಎರಡು ಸಲ, 12 ಸಾವಿರ. ಎರಡು ಸಲ ಯಾಕೆ ಅಂದರೆ, ಮೊದಲನೆಯದು ಒಳಗಿನ ಕೊಳೆ ತೊಳೆದುಕೊಂಡು ಬರುತ್ತೆ, ಅದನ್ನು ಬೇಗ ಚೆಲ್ಲಬೇಕು. ಕೂಲಿ 16 ಸಾವಿರ. ಇಷ್ಟಾದ ಮೇಲೆ ಕ್ಲಚ್ ಜಾರಲು ಶುರುವಾಯಿತು. ಈ ಗಾಡಿಗಳಲ್ಲಿ ಕ್ಲಚ್ ಜೊತೆಗೆ ಡ್ಯುಯಲ್ ಮಾಸ್ ಫ್ಲೈವೀಲ್, ಅಂದರೆ ಎಂಜಿನ್ ಅದುರುವಿಕೆ ತಡೆಯುವ ಎರಡು ಭಾಗದ ಭಾರದ ಚಕ್ರ ಇರುತ್ತೆ. ನಮ್ಮದರಲ್ಲಿ ಅದೂ ಹೋಗಿತ್ತು. ಅದಕ್ಕೆ 58 ಸಾವಿರ. ನ್ಯೂಟ್ರಲ್‌ನಲ್ಲಿ ಗಾಡಿ ನಿಂತಾಗ ಗಡಗಡ ಅಂತ ಬಂದು, ಕ್ಲಚ್ ಒತ್ತಿದಾಗ ಶಬ್ದ ಬದಲಾದರೆ ಫ್ಲೈವೀಲ್ ಮೇಲೆ ಅನುಮಾನ ಇಟ್ಟುಕೊಳ್ಳಿ. ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಸರಿಯಿದ್ದದ್ದು ನಮ್ಮ ಪುಣ್ಯ. ನಾಲ್ಕಕ್ಕೆ ನಾಲ್ಕೂ ಹಾಕಿಸಬೇಕಾಗಿ ಬಂದಿದ್ದರೆ ಇನ್ನೊಂದು ಟರ್ಬೊ ದುಡ್ಡು ಹೋಗುತ್ತಿತ್ತು.

ಇನ್ಶೂರೆನ್ಸ್ ಇದೆಯಲ್ಲ ಅಂತ ಕೇಳಬಹುದು. ಫುಲ್ ಇನ್ಶೂರೆನ್ಸ್ ಇದ್ದರೂ ಸವೆತಕ್ಕೆ, ಮೆಕ್ಯಾನಿಕಲ್ ಕೆಟ್ಟುಹೋಗುವಿಕೆಗೆ ದುಡ್ಡು ಬರುವುದಿಲ್ಲ. ನಮಗೂ ಬರಲಿಲ್ಲ.

ಮೀಟರ್ ವಿಷಯ ಬಯಲಾಗಿದ್ದು ಕೊನೆಗೆ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಗಾಡಿ ನಂಬರ್ ಕೊಟ್ಟು ಹಳೇ ದಾಖಲೆ ತೆಗೆಸಿದೆವು. ನಾವು ತಗೊಳ್ಳುವ ಎರಡು ವರ್ಷ ಮುಂಚೆಯೇ 1 ಲಕ್ಷದ 12 ಸಾವಿರ ಕಿಲೋಮೀಟರ್‌ಗೆ ಸರ್ವಿಸ್ ಆಗಿತ್ತು. ಅದೇ ಕೊನೆಯ ದಾಖಲೆ. ಅಂದರೆ ಅಲ್ಲಿಂದಾಚೆ ಗಾಡಿ ಎಷ್ಟು ಓಡಿತು, ಆಯಿಲ್ ಯಾವಾಗ ಬದಲಾಯಿಸಿದರು ಅಂತ ಯಾರಿಗೂ ಗೊತ್ತಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಈ ಒಂದು ಕಾಗದ ಕೇಳಿ. ಓನರ್ ಕಡೆಯಿಂದ ಫೋನ್ ಮಾಡಿಸಿದರೆ ಸರ್ವಿಸ್ ಸೆಂಟರ್‌ನವರು ಸಾಮಾನ್ಯವಾಗಿ ಕೊಡುತ್ತಾರೆ. ಮಾರುವವರು ಅದಕ್ಕೆ ಸಬೂಬು ಹೇಳಿದರೆ ಎದ್ದು ಬನ್ನಿ. ಬೇರೆ ಗಾಡಿ ಸಿಗುತ್ತೆ.

ನೋಡಲು ಹೋಗುವುದಾದರೆ ಬೆಳಿಗ್ಗೆ ಬೇಗ, ಹೇಳದೆ ಹೋಗಿ. ಮೊದಲು ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟ್ ಒಮ್ಮೆ ಉರಿದು, ಸ್ಟಾರ್ಟ್ ಆದ ಮೇಲೆ ಆರಬೇಕು. ಉರಿಯಲೇ ಇಲ್ಲ ಅಂದರೆ ಅದನ್ನು ಕಿತ್ತಿದ್ದಾರೆ ಅಂತ ಅನುಮಾನಪಡಿ. ತಣ್ಣನೆಯ ಸ್ಟಾರ್ಟ್‌ನಲ್ಲಿ ಹಿಂದೆ ಒಬ್ಬರನ್ನು ನಿಲ್ಲಿಸಿ ಹೊಗೆ ನೋಡಿಸಿ. ನೀಲಿ ಅಂದರೆ ಆಯಿಲ್. ಕಪ್ಪು ಅಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿ ಬೀಳುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗ, ಕೆಳಭಾಗದ ನಡುವಿನ ಸೀಲ್) ಹೋಗಿರುವವರೆಗೂ ಯೋಚಿಸಬೇಕು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿ ನೋಡಿ. ಬುಸುಬುಸು ಅಂತ ಹೊಗೆ ನುಗ್ಗಿ ಬಂದರೆ ಪಿಸ್ಟನ್ ರಿಂಗ್ ಸವೆದಿರುವ ಲಕ್ಷಣ.

ಜೊತೆಗೆ ನಿಮ್ಮದೇ ಮೆಕ್ಯಾನಿಕ್ ಇರಲಿ, ಗಾಡಿಯ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ತರಲಿ. ಸಾವಿರ, ಎರಡು ಸಾವಿರ ಕೇಳಿದರೂ ಕೊಡಿ. ಮಾರುವ ಮುಂಚೆ ಕೋಡ್ ಅಳಿಸುವುದು ಮಾಮೂಲಿ. ಆದರೆ ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ಬಹಳಷ್ಟು ಸ್ಕ್ಯಾನರ್ ತೋರಿಸುತ್ತವೆ. ಅದು ಐದೋ ಹತ್ತೋ ಕಿಲೋಮೀಟರ್ ಅಂತ ಬಂದರೆ ಯಾಕೆ ಅಂತ ನೇರವಾಗಿ ಕೇಳಿ. ಇನ್ನೊಂದು, ಟರ್ಬೊಗೆ ಗಾಳಿ ಹೋಗುವ ಪೈಪ್ ಬಿಚ್ಚಿಸಿ. ಎಂಜಿನ್ ಆಫ್ ಇರುವಾಗ ಚಕ್ರದ ತುದಿ ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ. ಒಳಗೆ–ಹೊರಗೆ ಆಡಿದರೆ, ರೆಕ್ಕೆ ಗೋಡೆಗೆ ತಾಗಿದರೆ, ಆ ಟರ್ಬೊ ಮುಗಿಯಿತು ಅಂತಲೇ ಲೆಕ್ಕ.

ಟೆಸ್ಟ್ ಡ್ರೈವ್ ರಿಂಗ್ ರೋಡಲ್ಲಿ ಬೇಡ. ಗಾಡಿ ತುಂಬ ಜನ ಕೂತು ನಾಮದ ಚಿಲುಮೆ ಮೇಲಿಂದ ದೇವರಾಯನದುರ್ಗದ ಬೆಟ್ಟಕ್ಕೆ ಹತ್ತಿಸಿ. ಡೀಸೆಲ್ ನಾನೇ ಹಾಕಿಸುತ್ತೇನೆ ಅನ್ನಿ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಕಾಲು ಒತ್ತಿದಾಗ, 2,000 ಆರ್‌ಪಿಎಂ ಹತ್ತಿರ ಗಾಡಿ ಬೆನ್ನಿಗೆ ತಳ್ಳಿದ ಹಾಗೆ ಎಳೆಯಬೇಕು. ಎಳೆಯದೆ ಒದ್ದಾಡಿದರೆ, ಬುಸ್ ಅಂತ ಗಾಳಿ ಸೋರಿದ ಶಬ್ದ ಬಂದರೆ, ಕನ್ನಡಿಯಲ್ಲಿ ಹೊಗೆ ಕಂಡರೆ ವಾಪಸ್ ಬನ್ನಿ. ಚಿಕ್ಕಬಳ್ಳಾಪುರ ಕಡೆಯವರಿಗೆ ನಂದಿ ಬೆಟ್ಟದ ರಸ್ತೆ ಇದ್ದೇ ಇದೆ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಡೀಸೆಲ್ ನೋಡುತ್ತಿದ್ದರೆ ಡಿ.ಪಿ.ಎಫ್. ಬಗ್ಗೆ ತಿಳಿದಿರಲಿ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಅದು. ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಮಸಿ ತಾನೇ ಸುಟ್ಟುಹೋಗುತ್ತೆ. ದಿನವೂ ಊರೊಳಗೇ ಹೋಗಿ ಬರುವಷ್ಟು ಓಡಾಟ ಮಾತ್ರ ಆದರೆ ಕಟ್ಟಿಕೊಳ್ಳುತ್ತೆ. ಬದಲಾಯಿಸುವುದು ತುಂಬಾ ದುಬಾರಿ. ಅದಕ್ಕೇ ಕೆಲವರು ಒಳಗಿನದನ್ನು ಒಡೆದು ತೆಗೆದು ಖಾಲಿ ಡಬ್ಬ ಬಿಟ್ಟಿರುತ್ತಾರೆ. ಅದು ಕಾನೂನಿಗೆ ವಿರುದ್ಧ, ತಗೊಂಡ ಮೇಲೆ ತಲೆನೋವು ನಿಮ್ಮದು. ನಿಮ್ಮ ಓಡಾಟ ಊರೊಳಗೇ ಅಂದರೆ ಪೆಟ್ರೋಲ್ ಗಾಡಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಈಗಾಗಲೇ ಇಂಥ ಗಾಡಿ ಇದ್ದರೆ, ಮೊದಲ ಕೆಲಸ ಆಯಿಲ್. ಪುಸ್ತಕದಲ್ಲಿ ಬರೆದ ಗ್ರೇಡ್ ಬಿಟ್ಟು ಬೇರೆ ಹಾಕಿಸಬೇಡಿ, ಬರೆದ ಕಿಲೋಮೀಟರ್‌ಗಿಂತ ಮುಂಚೆಯೇ ಬದಲಾಯಿಸಿ. ಹೈವೇಯಲ್ಲಿ ಜೋರಾಗಿ ಬಂದು ನಿಲ್ಲಿಸಿದ ತಕ್ಷಣ ಕೀ ತೆಗೆಯಬೇಡಿ. ಅರ್ಧ ನಿಮಿಷ, ಒಂದು ನಿಮಿಷ ಸುಮ್ನೆ ಓಡಲು ಬಿಡಿ. ಕಾದ ಟರ್ಬೊದೊಳಗೆ ಆಯಿಲ್ ನಿಂತಲ್ಲೇ ಸುಟ್ಟು ಕರಿಯಾಗುತ್ತೆ, ಪೈಪ್ ಕಟ್ಟಿಕೊಳ್ಳುವುದು ಹೀಗೇ. ಟರ್ಬೊ ಬದಲಾಯಿಸಲೇಬೇಕಾಗಿ ಬಂದರೆ ಆಯಿಲ್ ಪೈಪ್ ಹೊಸದು ಹಾಕಿ, ಚೇಂಬರ್ ಇಳಿಸಿ ತೋರಿಸಿ ಅಂತ ಪಟ್ಟು ಹಿಡಿಯಿರಿ. ಇದನ್ನು ಮಾಡದ ಗ್ಯಾರೇಜ್‌ಗೆ ಗಾಡಿ ಬಿಡಬೇಡಿ.

ಯಾರ್ಡಿನವರ ಹತ್ತಿರ ಹೋದಾಗ "ಹಳೇ ಗಾಡಿ ಅಲ್ವಾ ಸಾರ್, ವೇರ್ ಅಂಡ್ ಟೇರ್" ಅಂದರು. ಸವೆತದ ಮಾತನ್ನು ಒಪ್ಪಬಹುದು. ಮೀಟರ್ ತಿರುಗಿಸಿದ್ದು ಸವೆತ ಅಲ್ಲ, ಮೋಸ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ, ಅದಕ್ಕೇ ಇಲ್ಲಿ ಹೆಸರು ಹಾಕುತ್ತಿಲ್ಲ. ತೊಂದರೆ ಆದ ಎರಡು ವರ್ಷದೊಳಗೆ ದೂರು ಹಾಕಬೇಕು. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಿದರೂ ದಾರಿ ಹೇಳುತ್ತಾರೆ. ಇದಕ್ಕೆ ಕಾಗದ ಬೇಕು: ಮಾರಿದಾಗಿನ ಜಾಹೀರಾತು, ಮೀಟರ್ ಫೋಟೊ, ಗ್ಯಾರೇಜ್ ಬಿಲ್, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ. ಗಾಡಿ ತಗೊಂಡ ದಿನವೇ ಮೀಟರ್ ಫೋಟೊ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಹಳೇ ಟರ್ಬೊ, ಆಯಿಲ್ ಪೈಪ್ ಗ್ಯಾರೇಜ್‌ನಲ್ಲೇ ಬಿಟ್ಟು ಬರಬೇಡಿ. ಸ್ಕ್ರ್ಯಾಪ್‌ಗೆ ಹಾಕುತ್ತೇವೆ ಅನ್ನುತ್ತಾರೆ, ಕೊಡಬೇಡಿ. ಚೀಲದಲ್ಲಿ ಹಾಕಿ, ಗಾಡಿ ನಂಬರ್, ತಾರೀಖು ಬರೆದು ಮನೆಯಲ್ಲಿ ಇಟ್ಟುಕೊಳ್ಳಿ.