ಬಗ್ಗಿಗೆ ಸ್ಪೂಲೋ ಲಾಕರೋ? ಹಲವು ಮಳೆಗಾಲಗಳ ಬಳಕೆಯ ನಂತರ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹಗುರವಾದ, ಗಿಡ್ಡ ವೀಲ್‌ಬೇಸಿನ (ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಕಡಿಮೆ ಅಂತರವಿರುವ) ಆಫ್‌ರೋಡ್ ರೇಸಿಂಗ್ ಬಗ್ಗಿಯ ಹಿಂದಿನ ಆಕ್ಸಲ್‌ಗೆ ನನ್ನ ಪ್ರಕಾರ ಎರಡೇ ದಾರಿಗಳಿವೆ. ಒಂದು, ಎರಡೂ ಚಕ್ರಗಳನ್ನು ಶಾಶ್ವತವಾಗಿ ಒಂದಾಗಿಸುವ ಸ್ಪೂಲ್. ಇನ್ನೊಂದು, ಚಾಲಕ ಸ್ವಿಚ್ ಒತ್ತಿದಾಗ ಮಾತ್ರ ಬಿಗಿಯಾಗುವ ಲಾಕರ್. ಇವೆರಡರ ನಡುವೆ, ತಾನೇ ಬಿಗಿಯಾಗಿ ತಾನೇ ಸಡಿಲವಾಗುವ ಆಟೊಮ್ಯಾಟಿಕ್ ಲಾಕರ್ ಇದೆಯಲ್ಲ, ಅದನ್ನು ನಾನು ಮತ್ತೆ ಹಾಕಿಸುವುದಿಲ್ಲ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅಂಗಡಿಯವರು ಹೆಚ್ಚಾಗಿ ಮೊದಲು ತೋರಿಸುವುದು ಅದನ್ನೇ.

ನಮ್ಮ ತಂಡದಲ್ಲಿ ಒಂದೇ ನಕ್ಷೆಯಲ್ಲಿ ಕಟ್ಟಿದ ಎರಡು ಬಗ್ಗಿಗಳಿವೆ. ಕೊಳವೆಗಳನ್ನು ಬೆಸೆದ ಚೌಕಟ್ಟು, ಮಾರುತಿ ಜಿಪ್ಸಿಯ ಎರಡು ಆಕ್ಸಲ್‌ಗಳು, ಅದೇ ಗಾಡಿಯ 1.3 ಲೀಟರ್ ಪೆಟ್ರೋಲ್ ಎಂಜಿನ್, ಸುಮಾರು 80 ಅಶ್ವಶಕ್ತಿ. ಜಿಪ್ಸಿಯ ಮಾರಾಟ 2019ರಲ್ಲಿ ನಿಂತಿತಾದರೂ ಹಳೆಯ ಹೌಸಿಂಗ್ (ಆಕ್ಸಲ್‌ನ ಹೊರಕವಚ), ಕ್ರೌನ್ ಮತ್ತು ಪಿನಿಯನ್‌ಗಳು (ಎಂಜಿನ್ನಿನ ಬಲವನ್ನು ಆಕ್ಸಲ್‌ಗೆ ಮುಟ್ಟಿಸುವ ಹಲ್ಲುಚಕ್ರಗಳ ಜೋಡಿ) ಇನ್ನೂ ಸಿಗುತ್ತವೆ. ಸಕಲೇಶಪುರ ಮತ್ತು ಕೊಡಗಿನ ಕಡೆ ಮಳೆಗಾಲದಲ್ಲಿ ನಡೆಯುವ ಸಮಯಬದ್ಧ ಸ್ಪರ್ಧೆಗಳೇ ನಮ್ಮ ಮುಖ್ಯ ಕಣ. ಕೆಮ್ಮಣ್ಣು, ಕೆಸರು, ಹಳ್ಳ ದಾಟುವುದು, ತೋಟದ ಇಳಿಜಾರಿನ ಬಿಗಿಯಾದ ತಿರುವುಗಳು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂತಹ ಮಾರ್ಪಾಡುಗಳಿಗೆ ಅವಕಾಶ ಕೊಡದ ಕಾರಣ ಬಗ್ಗಿಗಳು ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ, ಲಾರಿಯ ಮೇಲೆಯೇ ಹೋಗಿ ಬರುತ್ತವೆ. ಇದು ಮುಖ್ಯವಾದ ಮಾತು. ದಿನನಿತ್ಯ ಡಾಂಬರು ರಸ್ತೆಯಲ್ಲಿ ಓಡಿಸುವ ಗಾಡಿಗೆ ಈ ವಿಮರ್ಶೆ ಹೊಂದುವುದಿಲ್ಲ.

ಒಂದು ಬಗ್ಗಿಯ ಹಿಂದಿನ ಆಕ್ಸಲ್‌ನಲ್ಲಿ ಮೊದಲಿನಿಂದಲೂ ಸ್ಪೂಲ್ ಇದೆ. ಇನ್ನೊಂದರಲ್ಲಿ ಮೊದಲು ಆಟೊಮ್ಯಾಟಿಕ್ ಲಾಕರ್ ಇತ್ತು, ಈಗ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಲಾಕರ್ ಇದೆ. ಉಳಿದದ್ದೆಲ್ಲ ಒಂದೇ ಆಗಿರುವುದರಿಂದ ಹೋಲಿಸುವುದು ಸುಲಭವಾಯಿತು.

ಆಕ್ಸಲ್‌ನ ನಡುವೆ ಇದ್ದು ಎರಡು ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮಾನ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿದ್ದರೆ ಅದನ್ನು ತಿರುಗಿಸಲು ಬೇಕಾಗುವ ಟಾರ್ಕ್ ತೀರಾ ಕಡಿಮೆ, ಹಾಗಾಗಿ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಗಾಡಿ ನಿಂತಲ್ಲೇ ನಿಲ್ಲುತ್ತದೆ. ಇದು ಆಫ್‌ರೋಡ್ ಮಾಡುವ ಎಲ್ಲರಿಗೂ ಗೊತ್ತು. ಆದರೆ ಬಿಗಿದ ಆಕ್ಸಲ್ ತಿರುವಿನಲ್ಲಿ ಎಷ್ಟು ತೊಂದರೆ ಕೊಡುತ್ತದೆ ಎಂಬ ಲೆಕ್ಕವನ್ನು ಮಾಡಿ ನೋಡುವವರು ಕಡಿಮೆ. ಜಿಪ್ಸಿ ಆಕ್ಸಲ್‌ನ ಎರಡು ಚಕ್ರಗಳ ನಡುವಿನ ಅಂತರ ಸುಮಾರು 1.3 ಮೀಟರ್. ತೊಂಬತ್ತು ಡಿಗ್ರಿಯ ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 2 ಮೀಟರ್ ಹೆಚ್ಚು ಓಡಬೇಕು. ತಿರುವು ಎಷ್ಟೇ ವಿಶಾಲವಾಗಿರಲಿ, ಎಷ್ಟೇ ಇಕ್ಕಟ್ಟಾಗಿರಲಿ, ಈ 2 ಮೀಟರ್ ಬದಲಾಗುವುದಿಲ್ಲ. ಬದಲಾಗುವುದು ಅದನ್ನು ಎಷ್ಟು ದೂರದಲ್ಲಿ ತೀರಿಸಬೇಕು ಎಂಬುದು ಮಾತ್ರ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸುಮಾರು 78 ಮೀಟರ್ ಓಟದ ಉದ್ದಕ್ಕೂ ಅದು ಹಂಚಿಹೋಗುತ್ತದೆ. ತೋಟದೊಳಗಿನ 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಎಂಟು ಮೀಟರ್‌ಗೂ ಕಡಿಮೆ ಓಟದಲ್ಲಿ ತೀರಬೇಕು. ಬಿಗಿದ ಆಕ್ಸಲ್‌ನಲ್ಲಿ ಅದನ್ನು ತೀರಿಸುವುದು ಟೈರ್, ಜಾರಿಕೊಂಡು. ನೆಲ ಜಾರಲು ಬಿಟ್ಟರೆ ಸರಿ, ಬಿಡದಿದ್ದರೆ ಆಕ್ಸಲ್ ಶಾಫ್ಟ್ ತಿರುಚಿಕೊಳ್ಳುತ್ತದೆ. ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸುವವರು ಡಿಫರೆನ್ಷಿಯಲ್ ಲಾಕಿನ ಪೆಡಲ್‌ನಿಂದ ಕಾಲು ತೆಗೆದ ಮೇಲೆಯೇ ಬದುವಿನ ಬಳಿ ತಿರುಗಿಸುವುದು ಈ ಕಾರಣಕ್ಕೇ.

ಈಗ ಸ್ಪೂಲ್ ವಿಷಯ. ಅದರ ಒಳಗೆ ಕೆಡುವಂಥದ್ದು ಏನೂ ಇಲ್ಲ. ಸ್ಪೈಡರ್ ಗೇರ್ (ಡಿಫರೆನ್ಷಿಯಲ್ ಒಳಗಿನ ಸಣ್ಣ ಹಲ್ಲುಚಕ್ರ) ಇಲ್ಲ, ಸ್ಪ್ರಿಂಗ್ ಇಲ್ಲ, ಸೀಲ್ ಇಲ್ಲ. ಕ್ರೌನ್ ವೀಲ್ ಅದಕ್ಕೆ ಬೋಲ್ಟ್ ಆಗುತ್ತದೆ, ಎರಡು ಶಾಫ್ಟ್‌ಗಳು ಅದರೊಳಗೆ ಕೂರುತ್ತವೆ, ಅಷ್ಟೇ. ಲಾಕರ್‌ಗಿಂತ ಹಗುರ, ಬೆಲೆಯೂ ಕಡಿಮೆ. ಇದರಲ್ಲಿ ಮೂರು ಬಗೆಗಳಿವೆ. ಮೂಲ ಡಿಫರೆನ್ಷಿಯಲ್‌ನ ಸ್ಪೈಡರ್ ಗೇರುಗಳಿಗೆ ವೆಲ್ಡಿಂಗ್ ಮಾಡಿಸುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಅಪಾಯ. ಗಟ್ಟಿಗೊಳಿಸಿದ ಉಕ್ಕು ಆ ಶಾಖಕ್ಕೆ ಸೆಡೆತು ಬಿರುಕು ಬಿಡುತ್ತದೆ, ತುಂಡಾದ ಚೂರು ಕ್ರೌನ್ ಮತ್ತು ಪಿನಿಯನ್ ನಡುವೆ ಸಿಕ್ಕಿದರೆ ಇಡೀ ಆಕ್ಸಲ್ ಹೋದಂತೆಯೇ. ಮಿನಿ ಸ್ಪೂಲ್ ಎಂದರೆ ಮೂಲ ಕ್ಯಾರಿಯರ್‌ನೊಳಗೇ (ಸ್ಪೈಡರ್ ಗೇರುಗಳನ್ನು ಹಿಡಿದಿಡುವ ಗೂಡಿನೊಳಗೇ) ಆ ಗೇರುಗಳ ಜಾಗದಲ್ಲಿ ಕೂರುವ ಗಟ್ಟಿ ತುಂಡು. ಕೂರಿಸುವುದು ಸುಲಭ, ಕ್ರೌನ್ ಮತ್ತು ಪಿನಿಯನ್ ಹೊಂದಾಣಿಕೆಯನ್ನು ಮುಟ್ಟಬೇಕಾಗಿಲ್ಲ, ಆದರೆ ಮೂಲ ಕ್ಯಾರಿಯರ್ ಎಷ್ಟು ಗಟ್ಟಿಯೋ ಅದೂ ಅಷ್ಟೇ ಗಟ್ಟಿ. ಪೂರ್ಣ ಸ್ಪೂಲ್ ಕ್ಯಾರಿಯರನ್ನೇ ಬದಲಿಸುತ್ತದೆ. ನಾವು ಹಾಕಿಸಿದ್ದು ಅದನ್ನೇ. ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅಳೆದು, ಹಲ್ಲುಗಳಿಗೆ ಬಣ್ಣ ಹಚ್ಚಿ ಗುರುತು ನೋಡಿ, ಶಿಮ್ (ಅಂತರ ಸರಿಪಡಿಸುವ ತೆಳು ಬಿಲ್ಲೆ) ಬದಲಿಸುತ್ತಾ ಕೂರುವ ತಾಳ್ಮೆ ಇರುವ ಮೇಸ್ತ್ರಿ ಸಿಕ್ಕರೆ ಮಾತ್ರ ಇದನ್ನು ಮಾಡಿಸಿ. ನಮ್ಮ ಅದೃಷ್ಟಕ್ಕೆ ಅಂತಹವರು ಸಿಕ್ಕರು.

ಅವರೇ ಕೆಲಸ ಶುರುಮಾಡುವ ಮೊದಲು ಹೇಳಿದ ಮಾತು ಈ ವಿಮರ್ಶೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು: "ಸಾರ್, ಸ್ಪೂಲ್ ಎಲ್ಲಿ ಬೇಕಾದರೂ ಸಿಗುತ್ತದೆ. ಮೊದಲು ಶಾಫ್ಟ್‌ಗೆ ದುಡ್ಡು ಇಡಿ." ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದೊಂದು ಶಾಫ್ಟ್‌ಗೆ ಅರ್ಧರ್ಧ ಟಾರ್ಕ್ ಮಾತ್ರ ಹೋಗುತ್ತದೆ. ಬಿಗಿದ ಆಕ್ಸಲ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿದ್ದು ಇನ್ನೊಂದು ಬಂಡೆಗೆ ಕಚ್ಚಿದ್ದರೆ ಪೂರ್ತಿ ಟಾರ್ಕ್ ಒಂದೇ ಶಾಫ್ಟಿನ ಮೇಲೆ ಬೀಳುತ್ತದೆ. ಲೋ ರೇಂಜ್‌ನ (ವೇಗ ಇಳಿಸಿ ಟಾರ್ಕ್ ಹೆಚ್ಚಿಸುವ ಗೇರ್ ಸಾಲಿನ) ಮೊದಲ ಗೇರಿನಲ್ಲಿ ಇದು ಸಣ್ಣ ಹೊರೆಯಲ್ಲ. ಜಿಪ್ಸಿಯ 26 ಸ್ಪ್ಲೈನ್ (ತುದಿಯ ಹಲ್ಲುಗೆರೆ) ಶಾಫ್ಟ್ ಅದರ ಮೂಲ ಟೈರ್‌ಗಾಗಿ ಮಾಡಿದ್ದು. ದೊಡ್ಡ ಮಡ್ ಟೈರ್ ಮತ್ತು ಸ್ಪೂಲ್ ಎರಡನ್ನೂ ಹೊರುವುದಕ್ಕಲ್ಲ. ನಾವು ಇಎನ್24 ಎಂಬ ಗಟ್ಟಿ ಮಿಶ್ರಲೋಹದ ಉಕ್ಕಿನಲ್ಲಿ ಮಾಡಿಸಿ ಹೀಟ್ ಟ್ರೀಟ್‌ಮೆಂಟ್ ಕೊಡಿಸಿದ ಶಾಫ್ಟ್‌ಗಳನ್ನು ಹಾಕಿದೆವು. ಸ್ಪೂಲ್‌ಗಿಂತ ಶಾಫ್ಟ್‌ಗಳಿಗೇ ಹೆಚ್ಚು ಖರ್ಚಾಯಿತು. ಅದರ ಫಲ ಇಂದಿಗೂ ಸಿಗುತ್ತಿದೆ: ಸ್ಪೂಲ್ ಬಗ್ಗಿಯ ಹಿಂದಿನ ಶಾಫ್ಟ್ ಸ್ಪರ್ಧೆಯ ನಡುವೆ ತುಂಡಾಗಿಲ್ಲ.

ಓಡಿಸುವಾಗ ಸ್ಪೂಲ್ ಹೇಗಿರುತ್ತದೆ? ಮೊದಲ ದಿನ ಮೂಗು ನೇರಕ್ಕೇ ಹೋಗುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಹಟ ಮಾಡುತ್ತದೆ. ಆಮೇಲೆ ಕೈ ಕಲಿಯುತ್ತದೆ. ತಿರುವಿಗೆ ಮೊದಲು ಬ್ರೇಕ್ ತುಳಿದು ಭಾರವನ್ನು ಮುಂದಕ್ಕೆ ತಂದು, ಸ್ಟಿಯರಿಂಗ್ ಕೊಟ್ಟು, ಆಕ್ಸಿಲರೇಟರ್‌ನಿಂದ ಹಿಂಭಾಗವನ್ನು ಜಾರಿಸಿದರೆ ಒದ್ದೆ ಕೆಮ್ಮಣ್ಣಿನ ಮೇಲೆ ಅದು ಅಚ್ಚುಕಟ್ಟಾಗಿ ತಿರುಗುತ್ತದೆ. ಮುಖ್ಯವಾಗಿ, ಪ್ರತಿ ಬಾರಿಯೂ ಒಂದೇ ರೀತಿ ತಿರುಗುತ್ತದೆ. ದಿಬ್ಬ ಹಾರಿ ಬೀಳುವಾಗಲೂ ಎರಡೂ ಚಕ್ರಗಳು ಒಂದೇ ವೇಗದಲ್ಲಿ ತಿರುಗುತ್ತಿರುವುದರಿಂದ ಹಿಂಭಾಗ ಎತ್ತಲಾಗಿ ಹೋದೀತೋ ಎಂಬ ಆತಂಕವಿಲ್ಲ. ರೇಸಿನಲ್ಲಿ ನನಗೆ ಬೇಕಾದ ಭರವಸೆ ಇದು.

ಆಟೊಮ್ಯಾಟಿಕ್ ಲಾಕರ್ ಕೊಡದಿದ್ದದ್ದೂ ಇದನ್ನೇ. ನಮ್ಮದು ಮೂಲ ಕ್ಯಾರಿಯರ್‌ನೊಳಗೆ ಕೂರುವ, ಹಲ್ಲುಗಳ ಜೋಡಿಯಿಂದ ಕೆಲಸ ಮಾಡುವ ಸರಳ ಜಾತಿಯದು. ಹೊರಗಿನ ಚಕ್ರ ಕ್ರೌನ್ ವೀಲ್‌ಗಿಂತ ವೇಗವಾಗಿ ತಿರುಗಲು ಹೊರಟಾಗ ಆ ಬದಿಯ ಹಲ್ಲುಗಳು ಬಿಟ್ಟುಕೊಡುತ್ತವೆ, ಟಿಕ್ ಟಿಕ್ ಸದ್ದು ಬರುತ್ತದೆ. ಅಂದರೆ ತಿರುವಿನಲ್ಲಿ ಎಂಜಿನ್ನಿನ ಬಲವೆಲ್ಲ ಒಳಗಿನ ಚಕ್ರಕ್ಕೆ ಹೋಗುತ್ತಿರುತ್ತದೆ. ಆಗ ಕಾಲು ತೆಗೆದರೆ ಎಂಜಿನ್ ಬ್ರೇಕಿಂಗ್ ಹೊರಗಿನ ಚಕ್ರಕ್ಕೆ ವರ್ಗವಾಗುತ್ತದೆ. ಬಲ ಬದಿ ಬದಲಿಸುವ ಆ ಕ್ಷಣದಲ್ಲಿ ಹಿಂಭಾಗ ಒಮ್ಮೆ ಒದೆಯುತ್ತದೆ. ಉದ್ದನೆಯ ಗಾಡಿಯಲ್ಲಿ ಇದು ಅಷ್ಟಾಗಿ ತಿಳಿಯದಿರಬಹುದು. ಜಿಪ್ಸಿಯ ವೀಲ್‌ಬೇಸ್ 2375 ಮಿಲಿಮೀಟರ್, ನಮ್ಮ ಬಗ್ಗಿಯದೂ ಅದೇ. ಜೊತೆಗೆ ಗೇರ್ ಕೈಯಲ್ಲಿ ಬದಲಿಸುವ ಗಾಡಿ, ಪ್ರತಿ ಗೇರಿಗೂ ಬಲ ಕಡಿದು ಮತ್ತೆ ಸೇರುತ್ತದೆ. ತಿರುವಿನ ಮಧ್ಯದಲ್ಲಿ ಎರಡನೆಯ ಗೇರಿನಿಂದ ಮೂರಕ್ಕೆ ಹೋದರೆ ಒಮ್ಮೆ ಮೂಗು ಒಳಗೆ, ಒಮ್ಮೆ ಹೊರಗೆ. ಚಾಲಕನ ಗಮನ ಕಣದ ಮೇಲಿರುವ ಬದಲು ಲಾಕರ್ ಈಗ ಯಾವ ಸ್ಥಿತಿಯಲ್ಲಿದೆ ಎಂಬ ಊಹೆಯಲ್ಲೇ ಕಳೆಯುತ್ತದೆ. ನೇರ ಕೆಸರಿನಲ್ಲಿ ಅದರ ಎಳೆತ ಸ್ಪೂಲ್‌ನಷ್ಟೇ ಚೆನ್ನಾಗಿತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೆಲ್ಲಗೆ ಹತ್ತುವ ಟ್ರೇಲ್ ಗಾಡಿಗೆ ಅದು ಒಳ್ಳೆಯ ವಸ್ತುವೇ.

ಏರ್ ಲಾಕರ್ ಬಂದ ಮೇಲೆ ಆ ಬಗ್ಗಿಯ ಸ್ವಭಾವ ಪೂರ್ತಿ ಬದಲಾಯಿತು. ಸ್ವಿಚ್ ಆಫ್ ಇದ್ದಾಗ ಅದು ಸಾಮಾನ್ಯ ಡಿಫರೆನ್ಷಿಯಲ್, ಆನ್ ಇದ್ದಾಗ ಸ್ಪೂಲ್. ಇದರ ನಿಜವಾದ ಬೆಲೆ ತಿಳಿದದ್ದು ಅಡ್ಡ ಇಳಿಜಾರಿನಲ್ಲಿ. ಒಂದು ಬದಿಗೆ ವಾಲಿಕೊಂಡು ಸಾಗುವಾಗ ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ಮೇಲಿನ ಹಗುರವಾದ ಚಕ್ರ ಮಾತ್ರ ಸುತ್ತುತ್ತದೆ, ಕೆಳಗಿನದು ನೆಲ ಹಿಡಿದು ಗಾಡಿಯನ್ನು ಜಾರದಂತೆ ಕಾಯುತ್ತದೆ. ಬಿಗಿದಿದ್ದರೆ ಎರಡೂ ಒಟ್ಟಿಗೆ ಸುತ್ತಿ ಎರಡೂ ಹಿಡಿತ ಬಿಡುತ್ತವೆ, ಹಿಂಭಾಗ ಕೆಳಕ್ಕೆ ಸರಿಯುತ್ತದೆ. ಮಳೆಯಲ್ಲಿ ನೆನೆದ ಕಾಫಿ ತೋಟದ ಇಳಿಜಾರಿನಲ್ಲಿ ಸ್ಪೂಲ್ ಬಗ್ಗಿಯನ್ನು ಅಡ್ಡ ಸಾಗಿಸುವುದು ನನಗೆ ಇಂದಿಗೂ ಇಷ್ಟವಿಲ್ಲದ ಕೆಲಸ. ಏರ್ ಲಾಕರ್ ಬಗ್ಗಿಯಲ್ಲಿ ಸ್ವಿಚ್ ಆಫ್ ಮಾಡಿ ನೆಮ್ಮದಿಯಿಂದ ದಾಟುತ್ತೇನೆ.

ಆದರೆ ಅದು ಆರೈಕೆ ಕೇಳುತ್ತದೆ. ಕಂಪ್ರೆಸರ್, ಸೊಲೆನಾಯ್ಡ್ (ಗಾಳಿ ಬಿಡುವ ವಿದ್ಯುತ್ ಕವಾಟ), ಗಾಳಿಯ ನಳಿಕೆ, ಒ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ವೈರಿಂಗ್, ಎಲ್ಲವೂ ಕೆಸರು ನೀರಿನ ನಡುವೆ. ಕಂಪ್ರೆಸರನ್ನು ಸೀಟಿನ ಹಿಂದೆ ಎತ್ತರದಲ್ಲಿ ಇಡಿ. ಪ್ಲಾಸ್ಟಿಕ್ ನಳಿಕೆಯನ್ನು ಮರದ ಬೇರು ಎಳೆದು ಹಾಕುತ್ತದೆ. ಉಕ್ಕಿನ ಹೆಣಿಗೆಯ ಹೊದಿಕೆ ಇರುವುದನ್ನು ಕೊಂಡು, ಆಕ್ಸಲ್‌ನ ಮೇಲ್ಬದಿಯಲ್ಲೇ ಹಾಯಿಸಿ. ಡಿಫರೆನ್ಷಿಯಲ್ ಒಳಗಿನ ಒ-ರಿಂಗ್ ಸೋರಿದರೆ ಗಾಳಿ ಎಣ್ಣೆಯೊಳಗೆ ನುಗ್ಗಿ ಬ್ರೀದರ್‌ನಿಂದ (ಆಕ್ಸಲ್‌ನ ಗಾಳಿಕಿಂಡಿಯಿಂದ) ಎಣ್ಣೆ ಉಕ್ಕುತ್ತದೆ. ಬ್ರೀದರ್ ಬಾಯಿ ಎಣ್ಣೆಯಿಂದ ಒದ್ದೆಯಾಗಿದ್ದರೆ ಮೊದಲ ಅನುಮಾನ ಅಲ್ಲಿಗೇ ಇರಲಿ. ಇನ್ನೊಂದು ಸಂಗತಿ, ಸ್ವಿಚ್ಚನ್ನು ಅಡಚಣೆಗೆ ಮೊದಲೇ ಒತ್ತಬೇಕು. ಚಕ್ರ ಜೋರಾಗಿ ಸುತ್ತುತ್ತಿರುವಾಗ ಒತ್ತಿದರೆ ಹಲ್ಲುಗಳಿಗೆ ಪೆಟ್ಟು. ಕಣವನ್ನು ನಡೆದು ನೋಡುವಾಗಲೇ ನಾನು ಮತ್ತು ಸಹಚಾಲಕ ಎಲ್ಲಿ ಆನ್, ಎಲ್ಲಿ ಆಫ್ ಎಂದು ಬರೆದುಕೊಳ್ಳುತ್ತೇವೆ, ಓಟದಲ್ಲಿ ಆತ ಕೂಗಿ ಹೇಳುತ್ತಾನೆ.

ಮಹೀಂದ್ರ ಥಾರ್‌ನಲ್ಲಿ ಬರುವ ಈಟನ್ ಮೆಕ್ಯಾನಿಕಲ್ ಲಾಕರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಅದು ತಾನೇ ಬಿಗಿಯಾಗುತ್ತದೆ, ಗಂಟೆಗೆ ಸುಮಾರು 30 ಕಿಲೋಮೀಟರ್ ಮೀರಿದರೆ ಬಿಗಿಯಾಗುವುದಿಲ್ಲ. ರಸ್ತೆಗೂ ಕಾಡಿಗೂ ಒಂದೇ ಗಾಡಿ ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಡ. ರೇಸಿನ ವೇಗಕ್ಕೆ ಅದನ್ನು ಮಾಡಿಲ್ಲ.

ವಿದ್ಯಾರ್ಥಿಗಳೇ ಬಗ್ಗಿ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆಗೆ ಮಧ್ಯಪ್ರದೇಶದ ಪೀಥಂಪುರಕ್ಕೆ ಹೋಗುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಮಾತು. ನಿಮ್ಮ ಎಂಜಿನ್ 10 ಅಶ್ವಶಕ್ತಿಯದು, ಅಲ್ಲಿ ಪ್ರತಿ ಕಿಲೋಗ್ರಾಂ ಲೆಕ್ಕಕ್ಕೆ ಬರುತ್ತದೆ. ಮಹೀಂದ್ರ ಆಲ್ಫಾ ಎಂಬ ಮೂರು ಚಕ್ರದ ಗಾಡಿಯ ಗೇರ್‌ಬಾಕ್ಸನ್ನು ಡಿಫರೆನ್ಷಿಯಲ್ ಸಮೇತ ಹೊರುವುದಕ್ಕಿಂತ, ನೇರ ಔಟ್‌ಪುಟ್ ಶಾಫ್ಟ್ ಇರುವ ಸ್ವಂತ ಗೇರ್‌ಬಾಕ್ಸ್ ಮಾಡಿಕೊಂಡರೆ ತೂಕವೂ ಇಳಿಯುತ್ತದೆ, ಸ್ಪೂಲ್ ಕೂಡ ಸಿಕ್ಕಂತಾಗುತ್ತದೆ. ಆದರೆ ಸ್ಪೂಲ್ ಹಾಕಿದ ಮೇಲೆ ಎಡ ಬಲ ಬೇರೆಬೇರೆಯಾಗಿ ಹಿಡಿಯುವ ಕಟಿಂಗ್ ಬ್ರೇಕ್‌ನಿಂದ ಪ್ರಯೋಜನವಿಲ್ಲ: ಒಂದು ಚಕ್ರ ಹಿಡಿದರೆ ಎರಡೂ ನಿಲ್ಲುತ್ತವೆ. ಎರಡನ್ನೂ ಒಟ್ಟಿಗೆ ವಿನ್ಯಾಸಕ್ಕೆ ಸೇರಿಸಬೇಡಿ.

ಮುಂದಿನ ಆಕ್ಸಲ್‌ಗೆ ಸ್ಪೂಲ್ ಬೇಡವೇ ಬೇಡ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಬಲ ಕೊಟ್ಟರೆ ಮೊದಲು ಹೋಗುವುದು ಸಿವಿ ಜಾಯಿಂಟ್, ಅಂದರೆ ತಿರುಗಿಸಿದ ಚಕ್ರಕ್ಕೂ ಬಲ ಮುಟ್ಟಿಸುವ ಕೀಲು. ನಮ್ಮ ಎರಡು ಬಗ್ಗಿಗಳಲ್ಲೂ ಮುಂದೆ ಇನ್ನೂ ಸಾಮಾನ್ಯ ಡಿಫರೆನ್ಷಿಯಲ್ಲೇ ಇದೆ. ಹಣ ಕೂಡಿಬಂದಾಗ ಏರ್ ಲಾಕರ್ ಬಗ್ಗಿಯ ಮುಂಭಾಗಕ್ಕೂ ಅದೇ ಬಗೆಯದನ್ನು, ಗಟ್ಟಿ ಜಾಯಿಂಟ್‌ಗಳ ಜೊತೆಗೇ ಹಾಕಿಸುವ ಯೋಚನೆಯಿದೆ. ಕಂಪ್ರೆಸರ್ ಹೇಗೂ ಇದೆ, ಇನ್ನೊಂದು ಸೊಲೆನಾಯ್ಡ್ ಸೇರಿಸಿದರೆ ಸಾಕು.