ಧಣಿಯ ದುಡ್ಡೋ, ಅಭಿಮಾನಿಗಳ ಚಂದಾನೋ?

ಇಂಗ್ಲೆಂಡಿನ ಪುಟ್ಟ ನಾನ್-ಲೀಗ್ (ಫುಟ್‌ಬಾಲ್ ಲೀಗ್‌ಗಿಂತ ಕೆಳಗಿನ ಹಂತದ) ಫುಟ್‌ಬಾಲ್ ಕ್ಲಬ್ ಮೇಲೇರಲು ಶ್ರೀಮಂತ ಧಣಿಯ ದುಡ್ಡೋ, ಅಭಿಮಾನಿಗಳೇ ಚಂದಾ ಹಾಕಿ ನಡೆಸುವ ಟ್ರಸ್ಟೋ, ಯಾವ ದಾರಿ ಅಂತ ಕೇಳಿದ್ದೀರಿ.

ವೇಗವೇ ಮುಖ್ಯವಾದರೆ ಧಣಿ. ಡಾಕ್ಟರ್ ಮಾರ್ಟೆನ್ಸ್ ಬೂಟು ಕಂಪನಿಯ ಮ್ಯಾಕ್ಸ್ ಗ್ರಿಗ್ಸ್ 1992ರಲ್ಲಿ ಎರಡು ಸಣ್ಣ ಕ್ಲಬ್ ಸೇರಿಸಿ ರಶ್ಡನ್ ಅಂಡ್ ಡೈಮಂಡ್ಸ್ ಕಟ್ಟಿದರು. 2001ಕ್ಕೆಲ್ಲ ಅದು ಫುಟ್‌ಬಾಲ್ ಲೀಗ್ ಸೇರಿತ್ತು. ಅಭಿಮಾನಿಗಳ ಟ್ರಸ್ಟ್ ನಡೆಸುವ ಎಕ್ಸೆಟರ್ ಸಿಟಿ 2003ರಲ್ಲಿ ಲೀಗ್‌ನಿಂದ ಇಳಿದು, ವಾಪಸ್ ಏರಿದ್ದು 2008ರಲ್ಲಿ.

ಅಪಾಯದ ಲೆಕ್ಕ ಬೇರೆ. ಆಟಗಾರರ ಸಂಬಳ, ದೊಡ್ಡ ಮೈದಾನದ ಖರ್ಚು ಬರೀ ಟಿಕೆಟ್ ದುಡ್ಡಲ್ಲಿ ಹುಟ್ಟುವುದಿಲ್ಲ, ಅಲ್ವಾ? ಧಣಿ ಕೈಬಿಟ್ಟರೂ ಖರ್ಚು ಹಾಗೇ ಉಳಿಯುತ್ತದೆ. ಗ್ರಿಗ್ಸ್ 2005ರಲ್ಲಿ ಕ್ಲಬ್ಬನ್ನು ಅಭಿಮಾನಿಗಳ ಟ್ರಸ್ಟ್‌ಗೆ ಒಪ್ಪಿಸಿದರು. ಮರುವರ್ಷವೇ ಲೀಗ್‌ನಿಂದ ಹೊರಗೆ. 2011ರಲ್ಲಿ ಕ್ಲಬ್ಬೇ ಮುಚ್ಚಿತು. ಟ್ರಸ್ಟ್ ಅನ್ನೋ ಹೆಸರೊಂದೇ ಯಾರನ್ನೂ ಕಾಪಾಡುವುದಿಲ್ಲ.

ಎಕ್ಸೆಟರ್‌ಗೂ ಸಾಲವಿತ್ತು. 2005ರಲ್ಲಿ, ಸಣ್ಣ-ದೊಡ್ಡ ಕ್ಲಬ್‌ಗಳೆಲ್ಲ ಆಡುವ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 0-0 ಡ್ರಾ, ಮೇಲೊಂದು ಮರುಪಂದ್ಯ. ಆ ಎರಡು ಪಂದ್ಯಗಳಿಂದ ಬಂದ ದುಡ್ಡು ಸಾಲ ತೀರಿಸಲು ನೆರವಾಯಿತು. ಅದೃಷ್ಟ ಅನ್ನಿ. ಅದನ್ನು ನಂಬಿ ಬಜೆಟ್ ಬರೆಯೋಕಾಗಲ್ಲ.

ಧಣಿ ಹಾಕುವ ದುಡ್ಡು ಸಾಲವಾಗಿರದೆ, ಮೈದಾನವೂ ಕ್ಲಬ್ ಹೆಸರಲ್ಲೇ ಉಳಿದರೆ ಆ ದಾರಿ ಹಿಡಿಯಬಹುದು. ತಿಂಗಳ ಚಂದಾ ತಪ್ಪದೆ ಕೊಡುವ ಜನ, ಕೆಳಗಿನ ಹಂತದಲ್ಲೇ ನಾಲ್ಕೈದು ವರ್ಷ ಕಾಯುವ ತಾಳ್ಮೆ ಎರಡೂ ಇದ್ದರೆ ಟ್ರಸ್ಟ್.