ಹತ್ತರ ಜೋಡಿ: ಮತ್ತೆ ಏರಿಸೋದಾ, ಕಾಲ್ ಮಾಡೋದಾ, ಸೆಟ್‌ಗೆ ಕಾಯೋದಾ?

ಪೋಕರ್‌ನ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಕೈಗೆ ಬರೋ ಎರಡು ಎಲೆ ಏಸ್ ಜೋಡಿ ಆದರೆ ಜಾಸ್ತಿ ಯೋಚನೆ ಬೇಡ. ತಲೆ ತಿನ್ನೋದು ಒಂಬತ್ತು, ಹತ್ತು, ಜ್ಯಾಕ್ ಜೋಡಿಗಳು. ಬಿಡೋಕೆ ಮನಸ್ಸು ಬರಲ್ಲ, ನಂಬೋಕೆ ಧೈರ್ಯ ಸಾಲಲ್ಲ.

ಆರು ಜನರ ಆನ್‌ಲೈನ್ ಟೇಬಲ್‌ನಲ್ಲಿ ಹತ್ತರ ಜೋಡಿಯನ್ನು ಮೂರು ಥರ ಆಡಿ ನೋಡಿದ್ದೇನೆ. ಸಂದರ್ಭ ಒಂದೇ. ನನ್ನ ಬಳಿ, ಎದುರಾಳಿ ಬಳಿ ತಲಾ 100 ಬಿಗ್ ಬ್ಲೈಂಡ್ (ಆಟ ಶುರುವಾಗೋ ಮೊದಲೇ ಒಬ್ಬ ಕಡ್ಡಾಯವಾಗಿ ಹಾಕೋ ಹಣ, ಮುಂದಿನ ಲೆಕ್ಕವೆಲ್ಲ ಇದರಲ್ಲೇ). ನಾನು ಬಟನ್‌ನಿಂದ (ಡೀಲರ್ ಜಾಗ) 2.5ಕ್ಕೆ ರೈಸ್ ಮಾಡಿದ್ದೇನೆ, ಬಿಗ್ ಬ್ಲೈಂಡ್ ಹಾಕಿದ ಎದುರಾಳಿ 10ಕ್ಕೆ ಏರಿಸಿದ್ದಾನೆ.

ಮೊದಲು ಫೋರ್-ಬೆಟ್, ಅಂದರೆ ಅವನು ಏರಿಸಿದ್ದರ ಮೇಲೆ ನಾನು ಮತ್ತೆ ಏರಿಸೋದು. 22ಕ್ಕೆ ಏರಿಸಿದರೆ ಸುಮಾರು ಸಲ ಅವನು ಫೋಲ್ಡ್ ಮಾಡುತ್ತಾನೆ (ಎಲೆ ಬಿಡುತ್ತಾನೆ), ಖುಷಿಯಾಗುತ್ತದೆ. ಆದರೆ ಅವನು ಆಲ್-ಇನ್ (ಇದ್ದದ್ದೆಲ್ಲ ಹಾಕಿದೆ) ಅಂದಾಗ ನೋಡಿ ಲೆಕ್ಕ. ಪಾಟ್‌ನಲ್ಲಿ, ಅಂದರೆ ಮಧ್ಯದಲ್ಲಿ ಸೇರಿದ ಹಣದಲ್ಲಿ, 122.5 ಇದೆ (ಅವನ 100, ನನ್ನ 22, ಇನ್ನೊಬ್ಬನ ಸ್ಮಾಲ್ ಬ್ಲೈಂಡ್ 0.5), ನಾನು ಇನ್ನೂ 78 ಹಾಕಬೇಕು. ನೂರಕ್ಕೆ 39 ಸಲ ಗೆದ್ದರೆ ಮಾತ್ರ ಅಸಲು. ಅವನ ಕೈಯಲ್ಲಿ ಕ್ವೀನ್, ಕಿಂಗ್, ಏಸ್ ಜೋಡಿ ಇರಬಹುದು, ಆ ಎಲೆಗಳು ಕೂಡಿಬರೋಕೆ 18 ದಾರಿ. ಏಸ್-ಕಿಂಗ್ ಇರಬಹುದು, ಅದಕ್ಕೆ 16 ದಾರಿ. ದೊಡ್ಡ ಜೋಡಿ ಎದುರು ಹತ್ತು ಗೆಲ್ಲೋದು ನೂರಕ್ಕೆ 19ರಷ್ಟು, ಏಸ್-ಕಿಂಗ್ ಎದುರು 56ರ ಆಸುಪಾಸು. ಕೂಡಿಸಿ ನೋಡಿದರೆ 36. ಸಾಲದು. ಫೋಲ್ಡ್ ಮಾಡಿದರೆ 22 ಸುಮ್ನೆ ಹೋಯಿತು.

ಸೆಟ್‌ಗೆ (ಜೋಡಿ ಜೊತೆ ಮೂರನೇ ಹತ್ತು ಬರೋದಕ್ಕೆ) ಮಾತ್ರ ಕಾಯೋದು ಸೇಫ್ ಅನಿಸುತ್ತದೆ. ಆದರೆ ಫ್ಲಾಪ್‌ನಲ್ಲಿ (ಟೇಬಲ್ ಮೇಲೆ ತೆರೆಯೋ ಮೊದಲ ಮೂರು ಎಲೆ) ಸೆಟ್ ಸಿಗೋದು ನೂರಕ್ಕೆ 12 ಸಲಕ್ಕೂ ಸ್ವಲ್ಪ ಕಡಿಮೆ. ಕಾಲ್‌ಗೆ (ಅವನ 10ಕ್ಕೆ ಸರಿಸಮ ಮಾಡೋಕೆ) ಹಾಕಿದ 7.5 ವಾಪಸ್ ಬರಬೇಕಾದರೆ, ಸೆಟ್ ಸಿಕ್ಕಾಗಲೆಲ್ಲ ಪಾಟ್‌ನ ಜೊತೆಗೆ ಅವನ ಉಳಿದ 90ರಲ್ಲಿ ಸರಾಸರಿ 43 ಕೀಳಬೇಕು. ಅವನ ಬಳಿ ಏನೂ ಕೂಡದ ಏಸ್-ಕ್ವೀನ್ ಇದ್ದರೆ ಯಾರು ಕೊಡ್ತಾರೆ ಅಷ್ಟು?

ನನಗೆ ಒಗ್ಗಿದ್ದು ಮೂರನೆಯದು: ಕಾಲ್ ಮಾಡಿ, ಸೆಟ್ ಬರದಿದ್ದರೂ ಆಡೋದು. ಬಟನ್‌ನಲ್ಲಿದ್ದರೆ ಫ್ಲಾಪ್‌ನಿಂದ ಮುಂದೆ ಪ್ರತಿ ಸುತ್ತಲ್ಲೂ ಅವನೇ ಮೊದಲು ಬಾಯಿ ಬಿಡಬೇಕು, ಅಲ್ವಾ? ಒಂದು ಕೈ ಹೀಗೆ ಹೋಯಿತು. ಪಾಟ್ 20.5, ಫ್ಲಾಪ್ ಕಿಂಗ್-7-3, ಮೂರೂ ಬೇರೆ ಬೇರೆ ಸೂಟ್ (ಇಸ್ಪೀಟು, ಆಟೀನು ಥರದ ಚಿಹ್ನೆ). ಅವನು 7 ಹಾಕಿದ, ಕಾಲ್ ಮಾಡಿದೆ. ಟರ್ನ್‌ನಲ್ಲಿ (ನಾಲ್ಕನೇ ಎಲೆ) 4, ಅವನು ಚೆಕ್ (ಏನೂ ಹಾಕಲಿಲ್ಲ), ನಾನೂ ಚೆಕ್. ರಿವರ್ (ಐದನೇ, ಕೊನೆಯ ಎಲೆ) 2, ಮತ್ತೆ ಇಬ್ಬರೂ ಚೆಕ್. ಅವನು ತೋರಿಸಿದ್ದು ಏಸ್-ಕ್ವೀನ್, ನನ್ನ ಹತ್ತರ ಜೋಡಿ ಗೆದ್ದಿತು. ಫೋರ್-ಬೆಟ್‌ಗೆ ಫೋಲ್ಡ್ ಆಗಿದ್ದರೆ ಅವನು ಕಳೆದುಕೊಳ್ಳುತ್ತಿದ್ದುದು 10, ಇಲ್ಲಿ ಹೋಗಿದ್ದು 17. ಟರ್ನ್‌ನಲ್ಲಿ ಅವನು 25 ಹಾಕಿದ್ದರೆ ನಾನು ಬಿಡುತ್ತಿದ್ದೆ. ಆಗಲೂ ನನಗೆ ಹೋಗೋದು 17, 22 ಅಲ್ಲ.

ಫ್ಲಾಪ್‌ನಲ್ಲಿ ನಮ್ಮ ಜೋಡಿಗಿಂತ ದೊಡ್ಡ ಎಲೆ ಬಂತು ಅಂತ ಗಾಬರಿ ಬೀಳೋದರಲ್ಲಿ ಅರ್ಥವಿಲ್ಲ. ಹತ್ತರ ಜೋಡಿಗೆ ಅದು ನೂರಕ್ಕೆ 70 ಸಲ ಬರುತ್ತದೆ, ಜ್ಯಾಕ್‌ಗೆ 57, ಒಂಬತ್ತಕ್ಕೆ 79. ಒಂದು ಸಣ್ಣ ಬೆಟ್‌ಗೆ ನಿಲ್ಲಬೇಕು, ಎರಡನೇ ದೊಡ್ಡದಕ್ಕೆ ಜಾಗ ಬಿಡಬೇಕು.

ಸ್ಟ್ಯಾಕ್ (ಕೈಲಿರೋ ಹಣ) 30-40 ಬಿಗ್ ಬ್ಲೈಂಡ್ ಅಷ್ಟೇ ಇದ್ದರೆ ಮಾತ್ರ ನನ್ನ ಮತ ಬೇರೆ. ಅಲ್ಲಿ ಕಾಲ್ ಮಾಡಿ ಆಡೋಕೆ ದುಡ್ಡೇ ಉಳಿಯಲ್ಲ, ಎದುರಿನವನೂ ಚಿಕ್ಕ ಜೋಡಿ, ಏಸ್-ಜ್ಯಾಕ್ ಎಲ್ಲ ಹಿಡಿದು ಕಾಲ್ ಮಾಡುತ್ತಾನೆ. ಹತ್ತರ ಜೋಡಿ ಬಂದರೆ ನೇರ ಆಲ್-ಇನ್.